ಮಾಂಸ ತಿನ್ನಲೆಂದೇ ಅರ್ಜೆಂಟೀನಾಕ್ಕೆ: ಹೋಗಿ ಬಂದವರು ಅನುಭವ ಹೇಳಿ

ಪ್ರಶ್ನೆ
ಬ್ಯೂನಸ್ ಐರಿಸ್‌ನಲ್ಲಿ ಕೂತು ಅಸಾದೊ, ಅಂದರೆ ಕೆಂಡದ ಮೇಲೆ ಸುಟ್ಟ ಮಾಂಸ ತಿನ್ನಬೇಕು ಅನ್ನೋದು ಬಹಳ ದಿನದ ಆಸೆ. ಜನವರಿಯಲ್ಲಿ ಒಂದು ವಾರ ರಜೆ ಸಿಗುತ್ತದೆ. ಹೆಂಡತಿ ಮಾಂಸ ಮುಟ್ಟುವುದಿಲ್ಲ, ರಾತ್ರಿ ಬೇಗ ಮಲಗುವವಳು. ಒಂದೇ ಊರಲ್ಲಿ ಇರಲಾ, ಬೇರೆ ಕಡೆಗೂ ಹೋಗಲಾ? ಖರ್ಚು ಎಷ್ಟಾಗುತ್ತದೆ?

ಪೆಸೊ_ಲೆಕ್ಕ
ಮೊದಲು ದುಡ್ಡಿನ ವಿಷಯ ಹೇಳುತ್ತೇನೆ. ನಾನು ಹೋಗಿದ್ದು 2023ರ ಶುರುವಿನಲ್ಲಿ. ಅದು ಬ್ಲೂ ಡಾಲರ್ ಕಾಲ, ಅಂದರೆ ಬ್ಯಾಂಕಿನ ಹೊರಗೆ ಡಾಲರ್‌ಗೆ ಬೇರೆ ದರ ಇದ್ದ ಕಾಲ. ಮಡಿಕೆ ಬೀಳದ ನೂರು ಡಾಲರ್ ನೋಟು ಕೊಟ್ಟರೆ ಅಧಿಕೃತ ದರದ ಹೆಚ್ಚುಕಡಿಮೆ ಎರಡರಷ್ಟು ಪೆಸೊ ಸಿಗುತ್ತಿತ್ತು. ಆಗ 1000 ಪೆಸೊ ನೋಟೇ ಎಲ್ಲಕ್ಕಿಂತ ದೊಡ್ಡದು. ಊಟಕ್ಕೆ ಹೊರಟರೆ ಜೇಬು ತುಂಬ ಕಂತೆ. ಇಬ್ಬರಿಗೆ ಬೀಫೆ ದೆ ಚೊರಿಸೊ (ದನದ ಬೆನ್ನಿನ ಭಾಗದ ದಪ್ಪ ತುಂಡು), ಸಲಾಡ್, ಒಂದು ಬಾಟಲಿ ಮಾಲ್ಬೆಕ್ ವೈನ್, ಎಲ್ಲ ಸೇರಿ ಮೂವತ್ತು ಡಾಲರ್ ಒಳಗೆ ಮುಗಿಯುತ್ತಿತ್ತು.

ಆಮೇಲೆ 2023ರ ಡಿಸೆಂಬರ್‌ನಲ್ಲಿ ಹೊಸ ಸರ್ಕಾರ ಬಂತು. ಡಾಲರ್‌ಗೆ ಸುಮಾರು 366 ಇದ್ದ ಅಧಿಕೃತ ದರವನ್ನು ಒಮ್ಮೆಗೇ 800 ಮಾಡಿದರು. ನಮ್ಮಂಥವರಿಗೆ ಇನ್ನೂ ಅಗ್ಗ ಆಗುತ್ತದೆ ಅಂತ ಎಲ್ಲರೂ ಅಂದರು. ಆಗಿದ್ದು ಉಲ್ಟಾ. ಬೆಲೆಗಳು ಏರಿದ ವೇಗಕ್ಕೆ ಡಾಲರ್ ಏರಲಿಲ್ಲ. ಮುಂದಿನ ವರ್ಷ ಅದೇ ಜಾಗ, ಅದೇ ಮೇಜು, ಅದೇ ಊಟ: ಎಪ್ಪತ್ತು ಡಾಲರ್ ದಾಟಿತು. ಅದರ ಮೇಲೆ ತಲೆಗೆ ಇಷ್ಟು ಅಂತ ಕುಬಿಯೆರ್ತೊ, ಅಂದರೆ ಬ್ರೆಡ್ಡು ತಟ್ಟೆಯ ಚಾರ್ಜು. ಟಿಪ್ಸ್ ಹತ್ತು ಪರ್ಸೆಂಟ್, ಅದೂ ಆಗ ನಗದಾಗಿ. ಇವನ್ನೆಲ್ಲ ಬಿಟ್ಟು ಲೆಕ್ಕ ಹಾಕಬೇಡಿ. ಹಳೆ ವಿಡಿಯೊ ನೋಡಿ ಹೊರಡಲೂ ಬೇಡಿ.

ನದಿಯಾಚೆ
ಇಷ್ಟೆಲ್ಲ ತಲೆನೋವು ಯಾಕೆ? ಉರುಗ್ವೆಗೆ ಹೋಗಿ. ಬ್ಯೂನಸ್ ಐರಿಸ್‌ನಿಂದ ಫೆರಿ ಹತ್ತಿದರೆ ಒಂದೂಕಾಲು ಗಂಟೆಯಲ್ಲಿ ಕೊಲೋನಿಯಾ, ಅಲ್ಲಿಂದ ಬಸ್ಸಿನಲ್ಲಿ ಮೊಂತೆವಿದೆಯೊ. ಹಳೆ ಬಂದರಿನ ಮಾರ್ಕೆಟ್ಟು ಮೆರ್ಕಾದೊ ದೆಲ್ ಪುಯೆರ್ತೊ 1868ರ ಕಟ್ಟಡ. ಒಳಗೆಲ್ಲ ಬರೀ ಬೆಂಕಿ. ಪಕ್ಕದ ಕಬ್ಬಿಣದ ಬುಟ್ಟಿಯಲ್ಲಿ ಕಟ್ಟಿಗೆ ಉರಿಯುತ್ತಿರುತ್ತದೆ. ಬಿದ್ದ ಕೆಂಡವನ್ನು ಎಳೆದು ಕಂಬಿಯ ಕೆಳಗೆ ಹರಡುತ್ತಾರೆ. ಅರ್ಜೆಂಟೀನಾದ ಎಷ್ಟೋ ಹೋಟೆಲುಗಳಲ್ಲಿ ಇದ್ದಿಲೇ ಗತಿ. ದನಗಳ ವಿಷಯದಲ್ಲೂ ಉರುಗ್ವೆ ಮುಂದೆ. ಬೆಳವಣಿಗೆ ಹಾರ್ಮೋನ್ ಕೊಡುವ ಹಾಗಿಲ್ಲ. ಹುಟ್ಟಿದ ಪ್ರತಿ ಕರುವಿಗೂ ಗುರುತು ಹಾಕುವುದು ಕಡ್ಡಾಯ. ನಾನು ಹೋದಾಗ ವಿದೇಶಿ ಕಾರ್ಡ್ ಕೊಟ್ಟರೆ ಹೋಟೆಲ್ ಬಿಲ್ಲಿನ ತೆರಿಗೆಯನ್ನೂ ಬಿಡುತ್ತಿದ್ದರು.

ಪೆಸೊ_ಲೆಕ್ಕ
ಆ ಮಾರ್ಕೆಟ್ಟು ಹಡಗಿನಲ್ಲಿ ಬಂದಿಳಿಯುವ ಟೂರಿಸ್ಟರಿಗೆ. ತೆರಿಗೆ ಬಿಟ್ಟರೂ ಉರುಗ್ವೆ ಅಗ್ಗದ ದೇಶ ಅಲ್ಲ. ನನಗೆ ಅಲ್ಲಿ ಒಂದು ತುಂಡು ಎಂತ್ರಾನ್ಯಾಗೆ (ದನದ ಹೊಟ್ಟೆ ಭಾಗದ ತೆಳು ಮಾಂಸ) ಕೇಳಿದ ದುಡ್ಡಿನಲ್ಲಿ ಬ್ಯೂನಸ್ ಐರಿಸ್‌ನ ಸಾನ್ ತೆಲ್ಮೊ ಬಡಾವಣೆಯಲ್ಲಿ ಇಡೀ ಊಟ ಆಗುತ್ತಿತ್ತು.

ನದಿಯಾಚೆ
ಯಾವ ವರ್ಷದ ಸಾನ್ ತೆಲ್ಮೊ? ಇದೀಗ ನೀವೇ ಎಪ್ಪತ್ತು ಡಾಲರ್ ಅಂದಿರಲ್ಲ! ಮೊದಲು ಒಂದು ಮಾತಿಗೆ ನಿಲ್ಲಿ.

ಕುರಿಮರಿ_ಪಕ್ಷ
ಇಬ್ಬರೂ ದನದಲ್ಲೇ ಸಿಕ್ಕಿಕೊಂಡಿದ್ದೀರಿ. ನಾನು ಇಡೀ ಬಜೆಟ್ ದೇಶದ ದಕ್ಷಿಣ ಭಾಗದ ಪತಗೋನಿಯಾಕ್ಕೆ ಸುರಿದೆ. ಅದರ ಬಗ್ಗೆ ಇವತ್ತಿಗೂ ಹೆಮ್ಮೆ ಇದೆ. ಬ್ಯೂನಸ್ ಐರಿಸ್‌ನಿಂದ ಅಲ್ಲಿನ ಎಲ್ ಕಲಫಾತೆ ಊರಿಗೆ ವಿಮಾನದಲ್ಲಿ ಮೂರು ಗಂಟೆ ಮೇಲೆ. ಜನವರಿಯಲ್ಲಿ ಟಿಕೆಟ್ ವಿಪರೀತ. ನನ್ನ ವಿಮಾನ ಗಾಳಿಯ ಕಾರಣಕ್ಕೆ ತಡವಾಗಿ ಒಂದು ರಾತ್ರಿಯ ರೂಮಿನ ದುಡ್ಡು ಪೂರ್ತಿ ಹೋಯಿತು. ವಾಪಸ್ ಕೇಳಿದರೆ ರೂಮಿನವರು ಕಾಗದ ತೋರಿಸಿದರು. ಬ್ಯಾಗಿನ ತೂಕಕ್ಕೆ ಬೇರೆ ಚಾರ್ಜು.

ಆದರೂ ಕೇಳಿ. ಇಡೀ ಕುರಿಮರಿಯನ್ನು ಕಬ್ಬಿಣದ ಶಿಲುಬೆಗೆ ಬಿಡಿಸಿ ಕಟ್ಟಿ, ಬೆಂಕಿಯ ಪಕ್ಕ ಓರೆಯಾಗಿ ನೆಡುತ್ತಾರೆ. ನಾಲ್ಕೈದು ಗಂಟೆ ಬೇಯುತ್ತದೆ. ಉಪ್ಪು ನೀರು ಬಿಟ್ಟರೆ ಬೇರೇನೂ ಇಲ್ಲ. ಚರ್ಮ ಗರಿಗರಿ, ಒಳಗಿನ ಮಾಂಸ ಮೂಳೆ ಬಿಟ್ಟು ಬರುತ್ತದೆ. ಅಷ್ಟು ದೂರ ಹೋಗಿ ಬೀಫ್ ಒಂದನ್ನೇ ತಿಂದು ಬರುವವರನ್ನು ಕಂಡರೆ ನನಗೆ ನಿಜವಾಗಿ ಬೇಜಾರು.

ರಾತ್ರಿ_ಒಂಬತ್ತು
ಜನವರಿ ಅಂದರೆ ಅಲ್ಲಿ ಬೇಸಿಗೆಯ ನಡು. ನಾನು ಹೋಗಿದ್ದೂ ಆಗಲೇ. ಊರವರೇ ಸಮುದ್ರದ ಕಡೆ ಹೋಗಿರುತ್ತಾರೆ. ನಾನು ಪಟ್ಟಿ ಮಾಡಿಕೊಂಡಿದ್ದ ಮನೆತನದ ಸಣ್ಣ ಪರೀಶಾಗಳು, ಅಂದರೆ ಸುಟ್ಟ ಮಾಂಸದ ಹೋಟೆಲುಗಳು, ಒಂದರ ಮೇಲೊಂದು ‘ರಜೆ’ ಅಂತ ಚೀಟಿ ಅಂಟಿಸಿದ್ದವು. ಉಳಿದಿದ್ದು ಪಲೆರ್ಮೊ ಬಡಾವಣೆಯ ಹೆಸರುವಾಸಿ ಜಾಗಗಳು. 2023ರ ನವೆಂಬರ್‌ನಲ್ಲಿ ಹೋಟೆಲುಗಳಿಗೆ ಸ್ಟಾರ್ ಕೊಡುವ ಮಿಶೆಲಿನ್ ಗೈಡ್ ಆ ಊರಿಗೆ ಬಂದಿದೆ. ಕ್ಯೂ ಕೇಳಬೇಡಿ. ಅಂಥ ಒಂದು ಕಡೆ ಫುಟ್‌ಪಾತಿನ ಮೇಲೆ ಎರಡು ಗಂಟೆ ನಿಂತು ಒಳಗೆ ಹೋದರೆ ಮೊಶೇಹಾಸ್ (ದನದ ಗ್ರಂಥಿಯ ಮಾಂಸ) ಖಾಲಿ. ನಾನು ಅಷ್ಟು ದೂರ ಹೋಗಿದ್ದೇ ಅದಕ್ಕೆ! ಇನ್ನೊಂದು ಕಡೆ ‘ಹುಗೊಸೊ’, ಅಂದರೆ ಕಡಿಮೆ ಬೆಂದು ರಸ ಇರಲಿ ಅಂತ ಬಿಡಿಸಿ ಹೇಳಿದರೂ ಒಣಗಿದ ಮಾಂಸ ಬಂತು. ಅಲ್ಲಿನವರು ಚೆನ್ನಾಗಿ ಬೆಂದದ್ದನ್ನೇ ಜಾಸ್ತಿ ಇಷ್ಟಪಡುತ್ತಾರೆ. ನಿಮ್ಮ ಒತ್ತಾಯಕ್ಕೆ ಕೆಂಡದ ಮುಂದೆ ನಿಂತವನ ಕೈ ಬದಲಾಗುವುದಿಲ್ಲ.

ಪೆಸೊ_ಲೆಕ್ಕ
ಒಣಗಿದ್ದನ್ನು ವಾಪಸ್ ಕಳಿಸಬೇಕಿತ್ತು. ಸುಮ್ನೆ ತಿಂದು ಬಂದು ಇಲ್ಲಿ ಊರನ್ನೇ ಬೈಯುವುದು ಸರಿಯಲ್ಲ.

ರಾತ್ರಿ_ಒಂಬತ್ತು
ಕಳಿಸಿದೆ ಸ್ವಾಮಿ. ಎರಡನೇದೂ ಹಾಗೇ ಬಂತು. ಪಕ್ಕದಲ್ಲಿ ಕೂತಿದ್ದವರ ಹಾಗೆ ಮಾತಾಡಬೇಡಿ.

ಹುಲ್ಲುಗಾವಲು
ಯಾರೂ ಮುಖ್ಯವಾದ್ದನ್ನು ಹೇಳಲಿಲ್ಲ. ಪಂಪಾಸ್ ಬಯಲಿನಲ್ಲಿ ಹುಲ್ಲು ಮೇಯ್ದ ದನ ಅಂತ ನಂಬಿ ಹೋಗುತ್ತೀರಿ. ಆ ನೆಲದ ದೊಡ್ಡ ಪಾಲು ಈಗ ಸೋಯಾ ಹೊಲ. ಬಹಳಷ್ಟು ದನಗಳನ್ನು ಕೊನೆಯ ತಿಂಗಳುಗಳಲ್ಲಿ ಕೂಡಿಹಾಕಿ ಮುಸುಕಿನ ಜೋಳ ತಿನ್ನಿಸಿ ಕೊಬ್ಬಿಸುತ್ತಾರೆ. ಮಾಂಸ ಮೆತ್ತಗಿರುತ್ತದೆ, ಹುಲ್ಲಿನ ಆ ರುಚಿ ಇರುವುದಿಲ್ಲ. ಕೇಳಿ ತಿನ್ನಿ. ನಾನು ಕೇಳಿದೆ, ಮಾಣಿ ಮುಖ ಸಿಂಡರಿಸಿದ. ಆದರೂ ಕೇಳಿದ್ದೇ ಸರಿ.

ನದಿಯಾಚೆ
ಅದಕ್ಕೇ ಉರುಗ್ವೆ ಅಂದಿದ್ದು.

ಹುಲ್ಲುಗಾವಲು
ಅಲ್ಲೂ ಫೀಡ್‌ಲಾಟ್, ಅಂದರೆ ಕೂಡಿಹಾಕಿ ಕೊಬ್ಬಿಸುವ ಜಾಗ ಇದೆ. ಪೂರ್ತಿ ತಿಳಿದು ಮಾತಾಡಿ.

ಪ್ರಶ್ನೆ ಕೇಳಿದವರು
ಎಲ್ಲರಿಗೂ ಧನ್ಯವಾದ. ಹೆಂಡತಿ ಊಟದ ಬಗ್ಗೆ ಯಾರಾದರೂ ಹೇಳಿ. ಬೇಗ ಊಟ ಸಿಗುತ್ತದಾ?

ರಾತ್ರಿ_ಒಂಬತ್ತು
ಅವರಿಗೆ ಪ್ರೊವೊಲೆತಾ ಹೇಳಿ. ಕೆಂಡದ ಮೇಲೆ ಕರಗಿಸಿದ ಚೀಸ್, ಮೇಲೆ ಒರೆಗಾನೊ. ಹೆಚ್ಚಿನ ಕಡೆ ರಾತ್ರಿ ಎಂಟಕ್ಕೆ ಮುಂಚೆ ಅಡುಗೆಮನೆ ತೆರೆಯುವುದಿಲ್ಲ, ಜನ ಬರುವುದು ಒಂಬತ್ತೂವರೆಗೆ. ಮಧ್ಯಾಹ್ನವೇ ದೊಡ್ಡ ಊಟ ಮಾಡಿ. ಮೆನುವಿನಲ್ಲಿ ಮಧ್ಯಾಹ್ನದ ರೇಟೂ ಕಡಿಮೆ ಇರುತ್ತದೆ.

ಕುರಿಮರಿ_ಪಕ್ಷ
ಎಲ್ ಕಲಫಾತೆಯಲ್ಲಿ ಜನವರಿಯಲ್ಲಿ ರಾತ್ರಿ ಹತ್ತರವರೆಗೂ ಬೆಳಕಿರುತ್ತದೆ. ಮಲಗುವ ಪ್ರಶ್ನೆಯೇ ಬರುವುದಿಲ್ಲ. ವಿಮಾನ ಈಗಲೇ ಬುಕ್ ಮಾಡಿ.

ಪೆಸೊ_ಲೆಕ್ಕ
ಒಂದೇ ವಾರ ಇದೆ ಅಂದಿದ್ದಾರೆ, ಓದಿದಿರಾ? ಅದರಲ್ಲಿ ನಿಮ್ಮ ಗಾಳಿಗೆ ಒಂದು ದಿನ ಕೊಡಬೇಕಾ?