ಯೆಜ್ಡಿಗೂ ರಿವರ್ಸ್ ಗೇರ್ ಇದೆ

ಸೀನ ಕುಂಟ್ಕೊಂಡು ಟೀ ಅಂಗಡಿಗೆ ಬಂದ.

"ಏನೋ ಇದು?" ಅಂದ್ರು ಮೇಷ್ಟ್ರು.

"ಯೆಜ್ಡಿ ಬೈಕು ಒದೀತು."

"ಕಿಕ್ಕರ್ ವಾಪಸ್ ಒದ್ರೆ ಟೈಮಿಂಗ್ ಅಡ್ವಾನ್ಸ್ ಆಗಿದೆ ಅಂತ್ಲೇ ಲೆಕ್ಕ. ಪಿಸ್ಟನ್ ಮೇಲೆ ಬರೋದಕ್ಕೆ ತುಂಬಾ ಮುಂಚೆ ಸ್ಪಾರ್ಕ್ ಬಿದ್ದು ಕೆಳಕ್ಕೆ ದಬ್ಬುತ್ತೆ."

"ಒದ್ದಿದ್ದು ಹಾಳಾಗ್ಲಿ. ಆಮೇಲೆ ಸ್ಟಾರ್ಟ್ ಆಯ್ತು. ಫಸ್ಟ್ ಗೇರ್ ಹಾಕಿ ಕ್ಲಚ್ ಬಿಟ್ಟೆ, ಹಿಂದಕ್ಕೆ ಹೋಯ್ತು!"

ರಾಜುಗೆ ಟೀ ನೆತ್ತಿಗೇರ್ತು. "ಬೆಳಗ್ಗೆ ಬೆಳಗ್ಗೇನೇ ಏನ್ ಹಾಕಿದ್ದೆ?"

"ಸುಳ್ಳಲ್ಲ ಕಣೋ. ಟೂ ಸ್ಟ್ರೋಕಿಗೆ ವಾಲ್ವ್ ಎಲ್ಲಿದೆ? ಸಿಲಿಂಡರ್ ಗೋಡೇಲಿ ಬರೀ ಪೋರ್ಟು, ಅಂದ್ರೆ ತೂತು. ಒದ್ದ ಏಟಿಗೆ ಕ್ರ್ಯಾಂಕ್ ಉಲ್ಟಾ ತಿರುಗಿದ್ರೆ ಉಲ್ಟಾನೇ ಓಡುತ್ತೆ."

"ಅಂದ್ರೆ ಯೆಜ್ಡಿ ಮಾಡ್ತಿದ್ದ ನಮ್ಮ ಮೈಸೂರು ಫ್ಯಾಕ್ಟರಿಯೋರು ರಿವರ್ಸ್ ಗೇರ್ ಪುಕ್ಸಟ್ಟೆ ಕೊಟ್ಟು, 1996ರಲ್ಲಿ ಬಾಗಿಲು ಹಾಕೋವರ್ಗೂ ಬಾಯಿ ಬಿಡ್ಲಿಲ್ಲ!" ಅಂದ ರಾಜು.

"ಟೈಮಿಂಗ್ ಪೂರ್ತಿ ತಡ ಮಾಡ್ಬಿಟ್ರೆ ಒದೆಯಲ್ವಲ್ಲ ಮೇಷ್ಟ್ರೇ?" ಅಂದ ಸೀನ.

"ಒದೆಯಲ್ಲ. ಎಳೆಯೋದೂ ಇಲ್ಲ. ಸೈಲೆನ್ಸರ್ ಕಾದು ಕೆಂಡ ಆಗುತ್ತೆ, ಚಾಮುಂಡಿ ಬೆಟ್ಟ ನೀನೇ ತಳ್ಕೊಂಡು ಹತ್ತು. ಸರಿಯಾಗಿ ಕೇಳು. ಪ್ಲಗ್ ಬಿಚ್ಚು, ಬಲಗಡೆ ಡೈನಮೋ ಕವರ್ ತೆಗಿ. ಅಲ್ಲಿ ಪಾಯಿಂಟ್ ಇರುತ್ತೆ, ಬಾಯಿ ಬಿಟ್ಟಾಗ ಸ್ಪಾರ್ಕ್ ಕೊಡೋ ಸ್ವಿಚ್ಚು. ಮೊದಲು ಪಾಯಿಂಟ್ ಗ್ಯಾಪ್: 0.4 ಮಿ.ಮೀ., ಸಂದು ಅಳೆಯೋ ಫೀಲರ್ ಗೇಜಲ್ಲಿ. ಟೈಮಿಂಗ್ ಇಟ್ಟಾದ್ಮೇಲೆ ಗ್ಯಾಪಿಗೆ ಕೈ ಹಾಕಿದ್ರೆ ಟೈಮಿಂಗೂ ಹೋಯ್ತು."

"ಆಮೇಲೆ?"

"ಪ್ಲಗ್ ತೂತಲ್ಲಿ ಆಳ ಅಳೆಯೋ ಗೇಜ್ ಇಳಿಸಿ ಪಿಸ್ಟನ್ನಿನ ಮೇಲ್ತುದಿ ಹಿಡಿ. ಅದಕ್ಕೆ ಸುಮಾರು 3 ಮಿ.ಮೀ. ಮುಂಚೆ ಪಾಯಿಂಟ್ ಬಾಯಿ ಬಿಡೋಕೆ ಶುರು ಮಾಡ್ಬೇಕು."

"ಬಿಡ್ತು ಅಂತ ಗೊತ್ತಾಗೋದು ಹೆಂಗೆ?" ಅಂದ ರಾಜು. ಅವನ ಹತ್ರ ಇರೋದು ಸೈಕಲ್ಲು, ಆದ್ರೂ ಪ್ರಶ್ನೆ ಅವನದೇ.

"6 ವೋಲ್ಟ್ ಬಲ್ಬಿನ ಒಂದು ವೈರ್ ಪಾಯಿಂಟಿಗೆ, ಇನ್ನೊಂದು ಬಾಡಿಗೆ. ಪಿಸ್ಟನ್ ಆ 3 ಮಿ.ಮೀ. ಹತ್ರ ನಿಲ್ಲಿಸಿ, ಕೀ ಆನ್ ಮಾಡಿ, ಪಾಯಿಂಟ್ ಕೂತಿರೋ ಬೇಸ್ ಪ್ಲೇಟ್ ಮೆಲ್ಲಗೆ ತಿರುಗಿಸು, ಪಾಯಿಂಟ್ ಬಿಟ್ಟ ತಕ್ಷಣ ಬಲ್ಬ್ ಹತ್ತುತ್ತೆ."

"ಅದಾದ್ಮೇಲೆ ಬ್ಯಾಟರಿ ಸತ್ತು ಕೂತಿದೆ ಮೇಷ್ಟ್ರೇ."

"ಹಂಗಾದ್ರೆ ಸಿಗರೇಟ್ ಪ್ಯಾಕಿನ ತೆಳು ಹಾಳೆ ಪಾಯಿಂಟಿಗೆ ಸಿಕ್ಕಿಸಿ ಹಗುರಾಗಿ ಎಳೀತಿರು. ಹಾಳೆ ಜಾರಿದ ಕಡೆ ಬೇಸ್ ಪ್ಲೇಟ್ ಬಿಗಿ ಮಾಡು."

ಸೀನನ ಮುಖ ಸಣ್ಣಗಾಯ್ತು. "ಸಿಗರೇಟ್ ಬಿಟ್ಟಿದ್ದೀನಿ ಅಂತ ಮನೇಲಿ ಹೇಳಿದ್ದೀನಿ. ಜೇಬಲ್ಲಿ ಪ್ಯಾಕ್ ಸಿಕ್ಕಿ, ಟೈಮಿಂಗ್ ಇಡೋಕೆ ಅಂದ್ರೆ ನಂಬ್ತಾಳಾ?"

"ನಾನು ಬಂದು ಹೇಳ್ತೀನಿ ಬಿಡೋ."

"ಬೇಡಿ ಮೇಷ್ಟ್ರೇ. ಹೋದ ಸಲ ಸಿಕ್ಕಿದ ಪ್ಯಾಕು ನಿಮ್ಮದು ಅಂದಿದ್ದೀನಿ."