ಪಿಎಸ್‌ಎಲ್ ರೈಫಲ್ ಬಿಸಿಯಾದಂತೆ ಗುಂಡು ಮೇಲೆ ಏರುತ್ತಿದೆ, ಎಂ1ಎ ಸರಿ ಇದೆ. ಬ್ಯಾರಲ್ ಹೋಯ್ತಾ?

ಡಲ್ಲಾಸ್_ಕನ್ನಡಿಗ:
ಎಲ್ಲರಿಗೂ ನಮಸ್ಕಾರ. ಇಲ್ಲಿನ ರೇಂಜ್‌ನಲ್ಲಿ 100 ಗಜಕ್ಕೆ ಎರಡು ರೈಫಲ್ ಅಕ್ಕಪಕ್ಕ ಇಟ್ಟು ಹೊಡೆದು ನೋಡಿದೆ. ಒಂದು ರೊಮೇನಿಯಾದ ಪಿಎಸ್‌ಎಲ್. ಇನ್ನೊಂದು ದಪ್ಪ ಬ್ಯಾರಲ್ಲಿನ ಎಂ1ಎ, ಅಂದರೆ ಅಮೆರಿಕ ಸೇನೆಯ ಎಂ14ರ ಸಿವಿಲಿಯನ್ ರೂಪ. ಎಂ1ಎಯಲ್ಲಿ ಹತ್ತು ಈಡು ಹೊಡೆದರೂ ಎಲ್ಲ ಒಂದೇ ಕಡೆ ಕೂರುತ್ತವೆ. ಪಿಎಸ್‌ಎಲ್‌ನಲ್ಲಿ ಮೊದಲ ಮೂರು ಚೆನ್ನಾಗಿ ಬೀಳುತ್ತವೆ, ಆಮೇಲಿನವು ಒಂದರ ಮೇಲೊಂದು ಏರಿ ಹತ್ತನೆಯದು ಕಪ್ಪು ವೃತ್ತದಿಂದಲೇ ಹೊರಗೆ. ಅಕ್ಕಪಕ್ಕ ಜಾಸ್ತಿ ಹರಡಲ್ಲ. ಪಿಎಸ್‌ಎಲ್‌ಗೆ ಹಾಕಿದ್ದು ಹಳೇ ಸರ್‌ಪ್ಲಸ್ ಗುಂಡು, ಅಂದರೆ ಸೇನೆಯಲ್ಲಿ ಮಿಕ್ಕಿದ್ದು. ಎಂ1ಎಗೆ 168 ಗ್ರೇನ್ (ಗುಂಡಿನ ತೂಕದ ಅಳತೆ) ಮ್ಯಾಚ್ ಗುಂಡು, ಅಂದರೆ ಸ್ಪರ್ಧೆಗೆ ಬಳಸೋದು. ಬ್ಯಾರಲ್ ಬದಲಿಸಬೇಕಾ?

ನಿವೃತ್ತ_ಫೌಜಿ:
ಬ್ಯಾರಲ್ ತಂಟೆಗೆ ಹೋಗಬೇಡಿ. ಪಿಎಸ್‌ಎಲ್ ಬ್ಯಾರಲ್ ತೆಳು. ಬಿಸಿಯಾದರೆ ಕೂದಲೆಳೆಯಷ್ಟು ಬಾಗುತ್ತೆ, 100 ಗಜದಲ್ಲಿ ಅಷ್ಟೇ ಸಾಕು. ಮೂರು ಈಡು ಹೊಡೆದು ಬೋಲ್ಟ್ (ಬ್ಯಾರಲ್ಲಿನ ಹಿಂಬದಿ ಮುಚ್ಚುವ ಭಾಗ) ತೆರೆದಿಟ್ಟು ಬಿಡಿ. ಬ್ಯಾರಲ್ ಕೈಯಲ್ಲಿ ಹಿಡಿಯೋವಷ್ಟು ತಣ್ಣಗಾದ ಮೇಲೆ ಮತ್ತೆ ಮೂರು.

ಇನ್ನೊಂದು ಮಾತು. ತುಂಬಾ ಜನ ಪಿಎಸ್‌ಎಲ್ ಅನ್ನು ಡ್ರಾಗುನೋವ್ ಸ್ನೈಪರ್ ರೈಫಲ್ ಅಂದುಕೊಳ್ಳುತ್ತಾರೆ. ಮುಖ ಅದೇ, ಹೊಟ್ಟೆ ಬೇರೆ. 1963ರಲ್ಲಿ ಸೋವಿಯತ್ ಸೇನೆಗೆ ಬಂದ ಡ್ರಾಗುನೋವ್ ನಮ್ಮ ಪಲ್ಟನ್‌ನಲ್ಲೂ ಇತ್ತು. ಅದರಲ್ಲಿ ಗುಂಡಿನ ಗ್ಯಾಸ್ ತಳ್ಳುವ ಪಿಸ್ಟನ್ ಗಿಡ್ಡ, ಬೋಲ್ಟನ್ನು ಹೊತ್ತು ಹಿಂದೆ ಮುಂದೆ ಓಡುವ ಬೋಲ್ಟ್ ಕ್ಯಾರಿಯರ್‌ಗೆ ಸೇರಿಕೊಂಡಿಲ್ಲ. ಪಿಎಸ್‌ಎಲ್ ಅನ್ನು ಆರ್‌ಪಿಕೆ ಲೈಟ್ ಮೆಷಿನ್‌ಗನ್ನಿನ ಅಚ್ಚನ್ನೇ ಹಿಗ್ಗಿಸಿ ಮಾಡಿದ್ದು. ಉದ್ದದ ಪಿಸ್ಟನ್ ಕ್ಯಾರಿಯರ್ ಜೊತೆಗೇ ಹಿಂದೆ ಬಂದು ಬಡಿಯುತ್ತೆ. ಒಂದರ ಮ್ಯಾಗಝೀನ್ ಕೂಡ ಇನ್ನೊಂದಕ್ಕೆ ಕೂರಲ್ಲ. ಪಿಎಸ್‌ಎಲ್ ಅನ್ನು ತುಕಡಿಯಲ್ಲಿ ಒಬ್ಬನ ಕೈಗೆ ಕೊಟ್ಟು, ದೂರದಲ್ಲಿ ಕಂಡವನ ಮೇಲೆ ಒಂದೆರಡು ಈಡು ಹಾರಿಸೋಕೆ ಇರೋದು. ಕಾಗದದ ಮೇಲೆ ಹತ್ತು ಈಡಿನ ಗ್ರೂಪಿಂಗ್, ಅಂದರೆ ಎಲ್ಲ ಒಂದೇ ಕಡೆ ಒತ್ತಾಗಿ ಕೂರಿಸೋದು, ಇದರ ಕೆಲಸ ಅಲ್ಲ.

ರೀಲೋಡ್_ರಾಯರು:
ಫೌಜಿ ಸಾರ್ ಹೇಳಿದ್ದು ಸರಿ. ಆದ್ರೆ ಸ್ಕೋಪ್ ಮೌಂಟನ್ನೂ ಒಮ್ಮೆ ಹಿಡಿದು ಅಲ್ಲಾಡಿಸಿ ನೋಡಿ. ಎಡಪಕ್ಕದ ಲಿವರ್ ಸಡಿಲ ಇದ್ದರೆ ಗುಂಡು ಸಾಮಾನ್ಯವಾಗಿ ದಿಕ್ಕಾಪಾಲು ಬೀಳುತ್ತೆ. ನಿಮ್ಮದು ನೇರ ಗೆರೆ ಎಳೆದ ಹಾಗೆ ಏರ್ತಾ ಇದೆ, ಅದಕ್ಕೆ ನನಗೂ ಬಿಸಿಯ ಮೇಲೇ ಅನುಮಾನ.

ಆಮೇಲೆ, ಒಂದಕ್ಕೆ ಸರ್‌ಪ್ಲಸ್, ಇನ್ನೊಂದಕ್ಕೆ ಮ್ಯಾಚ್ ಗುಂಡು ಹಾಕಿದ್ರೆ ಅದು ರೈಫಲ್‌ಗಳ ಹೋಲಿಕೆ ಆಗಲ್ಲ, ಅಲ್ವಾ? ಪಿಎಸ್‌ಎಲ್‌ಗೂ ಕಂಪನಿಯ ಹೊಸ ಗುಂಡು ತನ್ನಿ. 150 ಗ್ರೇನ್ ಆಸುಪಾಸು ಇರಲಿ. ಪಿಸ್ಟನ್‌ಗೆ ಹೋಗುವ ಗ್ಯಾಸನ್ನು ಹೆಚ್ಚು ಕಡಿಮೆ ಮಾಡೋ ಹೊಂದಾಣಿಕೆ ಇಲ್ಲದ ಪಿಎಸ್‌ಎಲ್‌ಗೆ 180 ಗ್ರೇನ್ ಮೇಲಿನದು ಬೇಡ, ರಿಸೀವರ್‌ಗೆ (ಬೋಲ್ಟ್ ಓಡುವ ರೈಫಲ್ಲಿನ ಮೈಗೆ) ಪೆಟ್ಟು. ಎಂ1ಎಗೂ ಭಾರದ ಗುಂಡು ಒಳ್ಳೇದಲ್ಲ, ಬೋಲ್ಟನ್ನು ಹಿಂದೆ ಎಳೆಯುವ ಆಪರೇಟಿಂಗ್ ರಾಡ್ ಬಗ್ಗುತ್ತೆ.

ಡಲ್ಲಾಸ್_ಕನ್ನಡಿಗ:
ಮೌಂಟ್ ಗಟ್ಟಿ ಇದೆ. ಹೊಸ ಗುಂಡಿನಲ್ಲಿ ಮೂರು ಮೂರೇ ಹೊಡೆದೆ, ನಡುವೆ ಆರಲು ಬಿಟ್ಟೆ. ಈಗ ಏರ್ತಾ ಇಲ್ಲ. ಗ್ರೂಪಿಂಗ್ ಎಂ1ಎಯಷ್ಟು ಬಿಗಿ ಇಲ್ಲ, ಪರವಾಗಿಲ್ಲ. ಅಂದಹಾಗೆ, ಸರ್‌ಪ್ಲಸ್ ಇನ್ನೂ ಒಂದು ಡಬ್ಬ ಉಳಿದಿದೆ. ಹೊಡೆದು ಮುಗಿಸಲಾ?

ನಿವೃತ್ತ_ಫೌಜಿ:
ಹೊಡೀರಿ, ಆದರೆ ಅವತ್ತೇ ತೊಳೀರಿ. ಹಳೇ ಗುಂಡಿನ ಪ್ರೈಮರ್ (ಮದ್ದಿಗೆ ಕಿಡಿ ಹಚ್ಚುವ ಭಾಗ) ಉರಿದಾಗ ಬ್ಯಾರಲ್ ಒಳಗೆ ಉಪ್ಪು ಉಳಿಯುತ್ತೆ. ಅದು ಬರೀ ಎಣ್ಣೆಗೆ ಕರಗಲ್ಲ, ನೀರೇ ಬೇಕು. ಬ್ಯಾರಲ್, ಗ್ಯಾಸ್ ಟ್ಯೂಬ್, ಪಿಸ್ಟನ್, ಮುಂದಿನ ಮಝಲ್ ಬ್ರೇಕ್, ಬೋಲ್ಟಿನ ಮುಖ ಎಲ್ಲಕ್ಕೂ ಬಿಸಿನೀರು ಬಿಟ್ಟು, ಪೂರ್ತಿ ಒಣಗಿಸಿ, ಆಮೇಲೆ ಎಣ್ಣೆ. ಗ್ಯಾಸ್ ಟ್ಯೂಬನ್ನೇ ಜನ ಮರೆಯೋದು, ತುಕ್ಕು ಶುರುವಾಗೋದೂ ಅಲ್ಲೇ.