ಕಾಗದ ತೋರ್ಸಿ, ಮತ್ತೆ ಹೋಳಿಗೆ

ಡೊಲ್ಫಿ ಎದುರಿಗಿದ್ದ ಬನ್ಸ್ ಮುಟ್ಟದೆ ಕೂತಿದ್ದ, ಅಂದ್ರೆ ವಿಷಯ ಗಂಭೀರ ಉಂಟು ಅಂತಲೇ ಲೆಕ್ಕ.

"ಮೂರು ಸಾವಿರ ಕೊಟ್ಟು ಗೇಮ್ ತಗೊಂಡೆ ಮಾರಾಯ, ಒರಿಜಿನಲ್. ನಿನ್ನೆ ರಾತ್ರಿ ಗುಡುಗು ಸುರುವಾದದ್ದೇ ಅಮ್ಮ ಬಂದು ಮೋಡೆಮಿನ ವೈರ್ ಎಳೆದು ಬಿಟ್ರು, ಹೋದ ಮಳೆಗಾಲದಲ್ಲಿ ಒಂದು ಸುಟ್ಟು ಹೋದದ್ದು ಅವರಿಗೆ ಮರೆತಿಲ್ಲ. ಲ್ಯಾಪ್‌ಟಾಪಿನಲ್ಲಿ ಚಾರ್ಜ್ ಫುಲ್ ಉಂಟು, ಆದ್ರೆ ಗೇಮ್ ಅಲ್ಲೇ ಬಂದ್. ಸರ್ವರ್ ಸಿಗುದಿಲ್ಲವಂತೆ!"

"ಯಾರೊಟ್ಟಿಗೆ ಆಡ್ತಿದ್ದದ್ದು?" ಭಟ್ಟ ಕೇಳಿದ.

"ನಾನೊಬ್ಬನೇ."

"ಒಬ್ಬನೇ ಆಡ್ಲಿಕ್ಕೆ ಇಂಟರ್ನೆಟ್ ಎಂತಕ್ಕೆ?"

ಶೆಟ್ರು ಚಾ ಗ್ಲಾಸ್ ಕೆಳಗಿಟ್ರು. "ಇವ ಕಳ್ಳ ಅಲ್ಲ ಅಂತ ಗೇಮು ಗಳಿಗೆಗೊಮ್ಮೆ ಕಂಪೆನಿಯ ಸರ್ವರಿಗೆ ಹೋಗಿ ಸಾಕ್ಷಿ ಹೇಳ್ಬೇಕಲ್ಲ, ಅದಕ್ಕೆ. ಮದುವೆಗೆ ಹೋಗಿದ್ದಿ ಅಂತ ಇಟ್ಟುಕೋ. ಮನೆಗೆ ಬಂದು ಕಾಗದ ಕೊಟ್ಟಿದ್ದಾರೆ, ನೀನು ಕವರ್ ಕೊಟ್ಟು ಫೋಟೋಕ್ಕೆ ನಿಂತಾಗಿದೆ, ಬಾಳೆಲೆ ಎದುರು ಕೂತೂ ಆಗಿದೆ. ಉಪ್ಪಿನಕಾಯಿಯವ ಬಂದು ಕಾಗದ ತೋರ್ಸಿ ಅಂತಾನೆ. ಸಾರಿನವ ಬಂದು ಕಾಗದ ತೋರ್ಸಿ ಅಂತಾನೆ. ಹೋಳಿಗೆಯವ ಅಂತೂ ನಿಲ್ಲಿ, ಮದುಮಗನ ಮಾವನಿಗೆ ಫೋನ್ ಮಾಡಿ ಕೇಳ್ತೇನೆ ಅಂತಾನೆ, ಮಾವನ ಫೋನ್ ಸ್ವಿಚ್ ಆಫ್. ಅದೇ ಹೊತ್ತಿಗೆ ಅಡಿಗೆಕೋಣೆ ಬಾಗಿಲಿಂದ ನುಗ್ಗಿದವನೊಬ್ಬ ಎರಡನೇ ಸಲ ಹೋಳಿಗೆ ಹಾಕಿಸ್ಕೊಳ್ತಾ ಇದ್ದಾನೆ, ಅವನ ಸಾಲಿನಲ್ಲಿ ಕಾಗದ ಕೇಳುವವರೇ ಇಲ್ಲ!"

"ಹಾಗಂತ ಕದ್ದು ಆಡದ ಹಾಗೆ ಗೇಮಿಗೆ ಬೀಗ ಹಾಕದೆ ಬಿಡ್ಲಿಕ್ಕಾಗ್ತದಾ ಶೆಟ್ರೆ? ಗೇಮ್ ಮಾಡಿದವರು ಹೊಟ್ಟೆಗೆ ಎಂತ ತಿನ್ನುದು?"

"ಇದನ್ನು ನೀನು ಹೇಳ್ಬೇಕಾ ಭಟ್ಟ? ಇಡೀ ಹಾಸ್ಟೆಲಿಗೆ ಮಾರ್ಕರಿನಲ್ಲಿ ಹೆಸರು ಬರ್ದ ಸಿಡಿ ಹಂಚಿದವ."

"ಅದು ಸಮಾಜಸೇವೆ."

"ಬೀಗ ಹಾಕಿದ್ರೆ ಎಂತ ಆಗ್ತದೆ ಹೇಳ್ತೇನೆ ಕೇಳು. 2008ರಲ್ಲಿ ಸ್ಪೋರ್ ಅಂತ ಗೇಮ್ ಬಂತು, ಇಎ ಅಂತ ಕಂಪೆನಿಯವರದ್ದು. ಸೆಕ್ಯುರಾಮ್ ಅಂತ ಬೀಗ, ಸುರುವಿಗೆ 3 ಆಕ್ಟಿವೇಶನ್ ಮಾತ್ರ, ಅಂದ್ರೆ ಮೂರು ಕಂಪ್ಯೂಟರಿಗೆ ಹಾಕ್ಲಿಕ್ಕೆ ಮಾತ್ರ ಒಪ್ಪಿಗೆ, ಮತ್ತೆ ಜನ ಬೊಬ್ಬೆ ಹಾಕಿದ ಮೇಲೆ 5 ಮಾಡಿದ್ರು. ಆ ವರ್ಷ ಟೊರೆಂಟಿನಲ್ಲಿ, ಅಂದ್ರೆ ನೆಟ್ಟಿನಲ್ಲಿ ಪುಕ್ಕಟೆ ಹಂಚುವಲ್ಲಿ, ಅತಿ ಹೆಚ್ಚು ಕದ್ದು ಇಳಿಸಿದ ಗೇಮ್ ಯಾವುದು ಗೊತ್ತುಂಟಾ?"

"ಅದೇ ಅಂತ ಹೇಳ್ಬೇಡಿ."

"ಅದೇ! 2010ರಲ್ಲಿ ಯೂಬಿಸಾಫ್ಟ್ ಕಂಪೆನಿಯವರು ಅಸಾಸಿನ್ಸ್ ಕ್ರೀಡ್ 2ಕ್ಕೆ ಸದಾ ನೆಟ್ ಬೇಕು ಅಂತ ಮಾಡಿದ್ರು, ಯಾರೋ ಸರ್ವರಿನ ಮೇಲೆ ದಾಳಿ ಮಾಡಿದ್ರು, ದುಡ್ಡು ಕೊಟ್ಟವರು ಹೊರಗೆ. ಇನ್ನೊಂದು ಕೇಳು, ಇದು ಇನ್ನೂ ಚಂದ. 2008ರಲ್ಲೇ ರೈನ್‌ಬೋ ಸಿಕ್ಸ್ ವೇಗಸ್ 2 ಅನ್ನು ಡೌನ್‌ಲೋಡ್ ಮಾಡಿ ತಗೊಂಡವರತ್ರ ಒಂದು ಅಪ್ಡೇಟ್ ಆದ ಮೇಲೆ ಗೇಮು ಡಿಸ್ಕ್ ಹಾಕಿ ಅಂತ ಕೇಳ್ಲಿಕ್ಕೆ ಸುರು ಮಾಡಿತು. ಡಿಸ್ಕೇ ಇಲ್ಲದವ ಎಲ್ಲಿಂದ ಹಾಕುದು? ಕಡೆಗೆ ಕಂಪೆನಿಯವರೇ ರಿಪೇರಿ ಅಂತ ಒಂದು ಫೈಲ್ ಕೊಟ್ರು. ಬಿಚ್ಚಿ ನೋಡಿದ್ರೆ ಒಳಗೆ ರೀಲೋಡೆಡ್ ಅಂತ ಕಳ್ಳರ ಗುಂಪಿನ ಸಹಿ!"

"ಅಂದ್ರೆ ಕಳ್ಳರು ಬೀಗ ಒಡೀಲಿಕ್ಕೆ ಮಾಡಿದ ಕ್ರ್ಯಾಕ್ ಅನ್ನೇ ಕೊಟ್ರಾ?"

"ಮದುವೆಮನೆಯವರೇ ಬಂದು, ನಿಮ್ಮ ಕಾಗದ ಸರಿ ಇಲ್ಲ, ಆಚೆ ಅಡಿಗೆಕೋಣೆ ಬಾಗಿಲಿಂದ ಬನ್ನಿ ಅಂದ್ರು ಮಾರಾಯ."

ಭಟ್ಟನಿಗೆ ನಗು ತಡೀಲಿಕ್ಕಾಗ್ಲಿಲ್ಲ. ಆದ್ರೂ ಬಿಡ್ಲಿಲ್ಲ. "ಹಿಂದೆ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ಮರ್ಯಾದೆಯ ಬೀಗ ಇತ್ತು. ಮ್ಯಾನುವಲ್ ನೋಡಿ ಸರಿ ಅಕ್ಷರ ಇದ್ದ ಔಷಧಿ ಕುಡೀಬೇಕು, ತಪ್ಪಿದ್ರೆ ರಾಜಕುಮಾರನಿಗೆ ಪೆಟ್ಟು. ನಮ್ಮತ್ರ ಮ್ಯಾನುವಲ್ ಎಲ್ಲಿತ್ತು, ಡೊಲ್ಫಿಯ ಅಣ್ಣ ಒಂದೊಂದೇ ಬಾಟ್ಲಿ ಕುಡಿದು ನೋಡ್ತಿದ್ದ."

"ಗೇಮಿನೊಳಗಾ?"

"ಸುರುವಿಗೆ ಗೇಮಲ್ಲಿ."

"ನನಗೆ ಖುಷಿ ಆದದ್ದು ಒಂದೇ ಬೀಗ," ಶೆಟ್ರು ಹೇಳಿದ್ರು. "2013ರ ಗೇಮ್ ಡೆವ್ ಟೈಕೂನ್. ಗೇಮ್ ಕಂಪೆನಿ ನಡೆಸುವ ಗೇಮ್ ಅದು. ಮಾಡಿದವರೇ ಒಂದು ಕದ್ದ ಪ್ರತಿ ತಯಾರಿಸಿ ಟೊರೆಂಟಿಗೆ ಬಿಟ್ರು, ಅದ್ರಲ್ಲಿ ನೀನು ಎಷ್ಟು ಒಳ್ಳೆ ಗೇಮ್ ಮಾಡಿದ್ರೂ ಜನ ಕದ್ದು ಆಡಿ ನಿನ್ನ ಕಂಪೆನಿ ದಿವಾಳಿ. ಕದ್ದವರೇ ಬಂದು, ನನ್ನ ಗೇಮ್ ಎಲ್ಲರೂ ಕದೀತಾರೆ, ಇದಕ್ಕೆಂತ ಮಾಡುದು ಅಂತ ಕೇಳಿದ್ರಂತೆ! ದುಡ್ಡು ಕೊಟ್ಟವನಿಗೆ ಒಂದು ಚೂರು ಉಪದ್ರ ಇಲ್ಲ."

ಡೊಲ್ಫಿ ಬನ್ಸಿನ ತುಂಡು ಮುರಿದು ಹಾಗೇ ಹಿಡ್ಕೊಂಡ. "ಅಣ್ಣ ದುಬೈಗೆ ಹೋಗಿ ಸುರುವಿಗೆ ಬರುವಾಗ ಒಂದು ಕಾರ್ ರೇಸಿನ ಸಿಡಿ ತಂದಿದ್ದ, ಒರಿಜಿನಲ್. ಒಂದೇ ಕೀಬೋರ್ಡಿನಲ್ಲಿ ಇಬ್ಬರೂ ಆಡ್ತಿದ್ದೆವು, ಬಾಣದ ಕೀ ಯಾವಾಗ್ಲೂ ಅವನಿಗೇ. ಹೋದ ಕ್ರಿಸ್ಮಸಿಗೆ ಬಂದಾಗ ಒಂದು ಸಲ ಆಡುವ ಅಂದ, ಸಿಡಿ ಡ್ರೈವ್ ಸಾಲ ತಂದು ಹಾಕಿದೆ. ಓಪನ್ನೇ ಆಗುದಿಲ್ಲ."

"ಸೇಫ್‌ಡಿಸ್ಕ್ ಬೀಗ ಇರ್ಬೇಕು. ಅದನ್ನು ನಡೆಸುವ ಡ್ರೈವರ್ ಅಂತ ಸಾಫ್ಟ್‌ವೇರಿನಿಂದಲೇ ಕಂಪ್ಯೂಟರಿಗೆ ಅಪಾಯ ಅಂತ 2015ರಲ್ಲಿ ವಿಂಡೋಸ್ 10 ಬರುವಾಗ ಮೈಕ್ರೋಸಾಫ್ಟಿನವರು ತೆಗೆದೇ ಬಿಟ್ರು. ಬೀಗಕ್ಕೇ ಬೀಗ."

"ಮತ್ತೆ ಮಾಳಿಗೆಯಲ್ಲಿ ಹುಡುಕುವಾಗ ಈ ಭಟ್ಟ ಹಂಚಿದ್ದ ಅದೇ ಗೇಮಿನ ಸಿಡಿ ಸಿಕ್ಕಿತು. ಅದು ಫಸ್ಟ್ ಕ್ಲಾಸ್ ಓಡ್ತದೆ. ಆದ್ರೆ ಅಷ್ಟೊತ್ತಿಗೆ ಅಣ್ಣನ ರಜೆ ಮುಗಿದಿತ್ತು."

ಭಟ್ಟ ಕೂಡ ಸ್ವಲ್ಪ ಹೊತ್ತು ಸಮಾಜಸೇವೆಯ ಸುದ್ದಿ ಎತ್ತಲಿಲ್ಲ.

"ಒರಿಜಿನಲ್ ಎಂತ ಮಾಡಿದ್ದಿ?" ಶೆಟ್ರು ಕೇಳಿದ್ರು.

"ಅಮ್ಮ ಹಪ್ಪಳ ಒಣಗಿಸುವಲ್ಲಿ ದಾರ ಕಟ್ಟಿ ನೇತಾಡ್ಸಿದ್ದಾರೆ. ಈಗ ಕಾಗೆ ಒಂದೂ ಹತ್ರ ಬರುದಿಲ್ಲ."

"ಅಂತೂ ಕಡೆಗೆ ಕಳ್ಳರು ಹೆದರಿದ್ರಲ್ಲ ಆ ಸಿಡಿಗೆ!"

ಬಿಲ್ ಬಂತು. ಭಟ್ಟ ಕೈ ತೊಳೀಲಿಕ್ಕೆ ಎದ್ದ, ಶೆಟ್ರಿಗೆ ಫೋನ್ ಬಂತು. ದುಡ್ಡು ಕೊಟ್ಟು ಅಭ್ಯಾಸ ಇದ್ದದ್ದು ಡೊಲ್ಫಿಗೆ ಮಾತ್ರ.